ದೋಣಿಯ ಎಡಗಣ್ಣು

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಗೆ ಹೋಗಲಿ, ಚಪ್ಪಲಿ ಬಿಡುವಾಗಲೇ ನನ್ನ ಕೈಯ ಹೆಬ್ಬೆರಳು ತಾನಾಗಿ ಹೋಗಿ ಬಾಗಿಲ ಚೌಕಟ್ಟಿನ ಬುಡವನ್ನು ಒತ್ತಿ ನೋಡುತ್ತದೆ. ಮರ ಗಟ್ಟಿಯಿದೆಯೋ, ಇಲ್ಲ ಒಳಗೆ ಮೆತ್ತಗಾಗಿ ಮೇಲೆ ಬಣ್ಣ ಮಾತ್ರ ನಿಂತಿದೆಯೋ ಎಂದು. ಐದಾರು ವರ್ಷದ ಹಿಂದೆ ಹೆಂಡತಿಯ ತಮ್ಮನಿಗೆ ಹೆಣ್ಣು ನೋಡಲು ದೊಡ್ಡಗಾಜನೂರಿಗೆ ಹೋಗಿದ್ದೆವು. ಹೆಣ್ಣು ಒಳಗಿನಿಂದ ಬರುವ ಮೊದಲೇ ನಾನು ಮೂರು ಕಡೆ ಒತ್ತಿ ಮುಗಿಸಿದ್ದೆ. ಹೆಣ್ಣಿನ ಅಪ್ಪ ನೋಡುತ್ತಲೇ ಇದ್ದ. "ನಮ್ಮನೆ ಇವತ್ತೇ ಬೀಳದಿಲ್ಲ ಕಣಪ್ಪ, ಕೂತ್ಕೊ" ಎಂದ. ಹೆಂಡತಿ ತೊಡೆ ಚಿವುಟಿದಳು. ಮದುವೆಯೇನೋ ಆಯಿತು. ಆದರೆ ಆ ಚೌಕಟ್ಟು ಒಳಗೆ ನಿಜವಾಗಿಯೂ ಟೊಳ್ಳಾಗಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಒತ್ತಿ ನೋಡುವುದು ಮೊದಲನೇ ಚಟವಾದರೆ, ನೋಡಿದ್ದನ್ನು ಹೇಳದೆ ಇರುವುದು ಎರಡನೆಯದು. ಇವತ್ತು ಬರೆಯಲು ಕೂತಿರುವುದು ಈ ಎರಡನೆಯದರ ಸಲುವಾಗಿ.

ನಾನು ಬಣ್ಣ ಬಳಿಯುವವನು. ಊರು ತಾಳವಾಡಿಯ ಪಕ್ಕ, ತಮಿಳುನಾಡಿನ ಗಡಿಯೊಳಗೆ. ಓದಿದ್ದು ಐದನೇ ಕ್ಲಾಸು. ಉಳಿದ ಅಕ್ಷರವನ್ನೆಲ್ಲ ಅಂಗಡಿಗಳ ಬೋರ್ಡು ಬರೆಯುತ್ತ ಕಲಿತೆ, ಮೇಲೆ ಒಂದು ಸಾಲು ತಮಿಳು, ಕೆಳಗೆ ಒಂದು ಸಾಲು ಕನ್ನಡ. ಹಾಗಾಗಿ ನನ್ನ ಬರವಣಿಗೆ ಎಲ್ಲೋ ಒಂದು ಕಡೆ ಕಿರಾಣಿ ಅಂಗಡಿಯ ಬೋರ್ಡಿನಂತೆ ಕಂಡರೆ ಬೇಸರ ಮಾಡಿಕೊಳ್ಳಬೇಡಿ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬಹಳ ಪುಕ್ಕಲ. ಏಣಿಯ ಮೇಲಿನ ಎರಡು ಮೆಟ್ಟಿಲು ನನಗೆ ಆಗುವುದಿಲ್ಲ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಒಂದನ್ನೂ ನಾನು, ಒಂದೇ ಒಂದು ದಿನದ ಹೊರತು, ಕಣ್ಣು ಬಿಟ್ಟು ಇಳಿದಿಲ್ಲ. ಎಣಿಕೆ ನನಗೆ ಗೊತ್ತಿರುವುದು ಹೊಟ್ಟೆಯಿಂದ.

ಆ ಘಾಟಿ ಇಳಿದು ಬಯಲಿಗೆ ಹೋದರೆ ಅಣೆಕಟ್ಟಿನ ಹಿನ್ನೀರು. ಅದರ ದಡದಲ್ಲಿ ನನ್ನ ಅಕ್ಕ ಇದ್ದಾಳೆ. ಹೆಸರು ಸಿದ್ದಮ್ಮ. ಅಪ್ಪ ಅವ್ವ ಕೂಲಿಗೆ ಹೋದಾಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿದವಳು. ಅದಕ್ಕೆಂದೇ ಅವಳನ್ನು ಶಾಲೆ ಬಿಡಿಸಿದರು. ಅವಳು ಬಿಟ್ಟ ಶಾಲೆಗೆ ನಾನು ಹೋದೆ, ಹೋಗಿ ನಾನೂ ಬಿಟ್ಟೆ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಒಂದು ತಿರುವು ಬರುತ್ತದೆ, ಇಪ್ಪತ್ತೆಂಟನೆಯದು.

ಅಕ್ಕನ ಗಂಡ, ನಮ್ಮ ಬಾವ, ದೋಣಿ ನಡೆಸುತ್ತಿದ್ದ. ಆಚೆ ದಡದ ತೋಟಗಳಿಗೆ ಕೂಲಿಗೆ ಹೋಗುವ ಹೆಂಗಸರನ್ನು ಬೆಳಿಗ್ಗೆ ದಾಟಿಸುವುದು, ಮಧ್ಯಾಹ್ನದ ಮೇಲೆ ಕರೆತರುವುದು. ಕಣ್ಣಿಗೆ ಪೊರೆ ಬಂದು ಅವನಿಗೆ ಎದುರಿನ ದಡ ಕಾಣದಾದಾಗ ಹುಟ್ಟು ಅಕ್ಕನ ಕೈಗೆ ಬಂತು. ಆಮೇಲೆ ಪೇಟೆಯ ಶಿಬಿರದಲ್ಲಿ ಪೊರೆ ತೆಗೆಸಿಕೊಂಡು ಬಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ದಡವೂ ಕಂಡಿತು. ಆದರೆ ಅಕ್ಕ ಹುಟ್ಟನ್ನು ವಾಪಸು ಕೊಡಲಿಲ್ಲ. ಅವನೂ ಕೇಳಲಿಲ್ಲ. ಈಗ ಅಲ್ಲಿ ಉಳಿದವರದೆಲ್ಲ ಫೈಬರ್ ದೋಣಿ. ಮರದ್ದು ಅಕ್ಕನದೊಂದೇ.

ಮರದ ದೋಣಿ ಎಂದರೆ ವರ್ಷಕ್ಕೊಂದು ಸಲ ಬಣ್ಣ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಾನು ಹೋಗಿ ಬಳಿದು ಬರುತ್ತೇನೆ. ಬಣ್ಣದ ಕೆಲಸ ಎಂದರೆ ಜನ ಬ್ರಷ್ಷು ಹಿಡಿದ ಕೈಯನ್ನು ನೋಡುತ್ತಾರೆ. ಬ್ರಷ್ಷು ಕೊನೆಯ ಮಾತು. ಅದಕ್ಕೂ ಮೊದಲು ದೋಣಿಯನ್ನು ದಡಕ್ಕೆಳೆದು ಬೋರಲು ಹಾಕಬೇಕು, ಪಾಚಿ ತೆಗೆಯಬೇಕು, ಸೋಪಿನ ನೀರಿನಲ್ಲಿ ತೊಳೆಯಬೇಕು. ತೊಳೆಯದೆ ಉಪ್ಪುಕಾಗದ, ಎಂದರೆ ಮರಳು ಮೆತ್ತಿದ ಕಾಗದ, ಹಾಕಿ ಉಜ್ಜಿದರೆ ಮೇಲಿನ ಜಿಡ್ಡು ಗೀರುಗಳ ಒಳಗಿಳಿದು ಕೂರುತ್ತದೆ, ಆಮೇಲೆ ಎಂಥ ಬಣ್ಣವೂ ಹಿಡಿಯುವುದಿಲ್ಲ. ಒಣಗಿದ ಮೇಲೆ ಕಬ್ಬಿಣದ ತಗಡಿನಿಂದ ಕೆರೆಯಬೇಕು. ಎದ್ದು ಬರುವ ಬಣ್ಣವೆಲ್ಲ ಬರಲಿ, ಗಟ್ಟಿಯಾಗಿ ಹಿಡಿದಿರುವುದು ಇರಲಿ. ಎರಡರ ನಡುವಿನ ಅಂಚನ್ನು ಉಪ್ಪುಕಾಗದದಿಂದ ಎಷ್ಟು ಉಜ್ಜಬೇಕೆಂದರೆ, ಕಣ್ಣು ಮುಚ್ಚಿ ಬೆರಳಾಡಿಸಿದಾಗ ಎಲ್ಲಿ ಬಣ್ಣ ಮುಗಿಯಿತು, ಎಲ್ಲಿ ಮರ ಶುರುವಾಯಿತು ಎಂದು ಗೊತ್ತಾಗಬಾರದು. ಕೊನೆಗೆ ತಗಡಿನ ಹಿಡಿಯಿಂದ ಗೇಣು ಗೇಣಿಗೂ ತಟ್ಟಿ ಕೇಳಬೇಕು. ಒಳ್ಳೆಯ ಮರ ಟಣ್ ಎನ್ನುತ್ತದೆ. ಕೊಳೆತದ್ದು ದೊಪ್ ಎನ್ನುತ್ತದೆ, ನಿದ್ದೆಯಲ್ಲಿದ್ದವನನ್ನು ಎಬ್ಬಿಸಿ ಮಾತಾಡಿಸಿದ ಹಾಗೆ.

ಈ ಕೆರೆತದಲ್ಲಿ ಒಂದು ಸುಖವೂ ಇದೆ. ಅಕ್ಕನ ದೋಣಿಗೆ ನಾನು ಬಳಿಯುತ್ತಿದ್ದದ್ದು ಬೇರೆಯವರ ಮನೆ ಕೆಲಸ ಮುಗಿದ ಮೇಲೆ ಅವರು ಕೊಟ್ಟ ತಳದ ಬಣ್ಣ. ಹಾಗಾಗಿ ಕೆರೆದಂತೆಲ್ಲ ನನ್ನ ಹಿಂದಿನ ವರ್ಷಗಳು ಏಳುತ್ತವೆ. ಮೇಲಿನ ಗುಲಾಬಿ ಒಂದು ಮದುವೆಮನೆಯದು. ಅದರಡಿಯ ಹಸಿರು ಒಂದು ಶಾಲೆಯ ಕಿಟಕಿಯದು. ಅದಕ್ಕೂ ಕೆಳಗಿನ ನೀಲಿ ಹಾಸನೂರಿನ ಟೀ ಅಂಗಡಿಯ ಬೆಂಚಿನದು. ಓದಿದವರು ಕಲ್ಲಿನ ಮೇಲಿನ ಶಾಸನ ಓದುತ್ತಾರಂತೆ. ನನ್ನ ಶಾಸನ ಹಕ್ಕಳೆ ಹಕ್ಕಳೆಯಾಗಿ ಮಡಿಲಿಗೆ ಬೀಳುತ್ತದೆ, ಸಂಜೆಗೆ ಗುಡಿಸಿ ಎಸೆಯುತ್ತೇನೆ.

ಇಷ್ಟೆಲ್ಲ ತಿಳಿದವನು ಒಂದು ಜಾಗವನ್ನು ಮಾತ್ರ ಕೆರೆಯುತ್ತಿರಲಿಲ್ಲ. ದೋಣಿಯ ಮೂತಿಯ ಎರಡೂ ಬದಿಗೆ ಬಾವ ಘಾಟಿಯ ಬುಡದ ಗುಡಿಯ ದೇವಿಯಾದ ಅಮ್ಮನ ಕಣ್ಣು ಬರೆದಿದ್ದ, ಅಂಗೈ ಅಗಲದ್ದು. ದೋಣಿ ಮೊದಲ ಸಲ ನೀರಿಗಿಳಿದ ದಿನ ಪೂಜೆ ಮಾಡಿ ಬರೆದದ್ದು. ಅಮ್ಮನ ಕಣ್ಣಿಗೆ ಕಬ್ಬಿಣ ಮುಟ್ಟಿಸಬಾರದು ಎಂದು ಅವತ್ತೇ ಹೇಳಿದ್ದ. ಅಲ್ಲಿ ನಡೆದು ಬಂದದ್ದೂ ಹಾಗೆಯೇ. ಸುತ್ತಲೂ ಕೆರೆದು, ಕಣ್ಣನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೆಯ ಬಣ್ಣದ ಮೇಲೆಯೇ ಹೊಸ ಬಿಳಿ, ಹೊಸ ಕಪ್ಪು. ವರ್ಷವರ್ಷವೂ ಹೀಗೆ ಬಳಿದು ಬಳಿದು ಆ ಕಣ್ಣುಗಳು ದಪ್ಪವಾಗಿ, ರೆಪ್ಪೆ ಊದಿದ ಹಾಗೆ ಉಬ್ಬಿಕೊಂಡಿದ್ದವು. ದಪ್ಪ ಬಣ್ಣ ಬಿಸಿಲಿಗೆ ಸೀಳುತ್ತದೆ. ಸೀಳಿನಲ್ಲಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಗೋಡೆಯಲ್ಲಿ ಇದನ್ನು ನಾನು ನೂರು ಸಲ ನೋಡಿದ್ದೇನೆ. ಅಮ್ಮನ ಕಣ್ಣಿನಲ್ಲಿ ನೋಡಲು ಮನಸ್ಸು ಮಾಡಲಿಲ್ಲ. ಭಕ್ತಿ ಎಂದು ಹೇಳಿಕೊಳ್ಳಬಹುದು. ಅರ್ಧ ಭಕ್ತಿ, ಉಳಿದರ್ಧ ಮೈಗಳ್ಳತನ.

ಒಂದು ಬೇಸಿಗೆಯಲ್ಲಿ, ಬಟ್ಟೆಯಿಂದ ಎಡಗಣ್ಣನ್ನು ಒರೆಸುವಾಗ ಹೆಬ್ಬೆರಳು ಒಳಗಿಳಿಯಿತು. ಜೋರಾಗಿ ಒತ್ತಿರಲಿಲ್ಲ. ಸುಮ್ಮನೆ ಚಟಕ್ಕೆ. ಬೆಂದ ಗೆಣಸಿನಲ್ಲಿ ಇಳಿದ ಹಾಗೆ ಉಗುರಿನ ತನಕ ಹೋಯಿತು. ತಗಡಿನ ಹಿಡಿಯಿಂದ ತಟ್ಟಿದೆ. ದೊಪ್ ಎಂದಿತು. ಹಿಂದಿನ ವರ್ಷ ಅದೇ ಜಾಗ ಸ್ವಲ್ಪ ಮೆತ್ತಗೆ ಎನಿಸಿತ್ತು, ಅದರ ಹಿಂದಿನ ವರ್ಷವೂ. ಎರಡು ಸಲವೂ ಮುಂದಿನ ವರ್ಷ ನೋಡೋಣ ಎಂದುಕೊಂಡಿದ್ದೆ.

ಕರೆದು ಹೇಳಬೇಕಿತ್ತು. ಅಕ್ಕ ಹತ್ತು ಮಾರು ದೂರದಲ್ಲಿ ಮೀನು ಹುರಿಯುತ್ತಿದ್ದಳು. ಹೇಳಿದರೆ ಬಡಗಿಯನ್ನು ಹುಡುಕಬೇಕು, ಹಲಗೆ ಬದಲಿಸಬೇಕು, ಅಷ್ಟು ದಿನ ದೋಣಿ ಮೇಲೇ ಇರಬೇಕು. ಇವೆಲ್ಲ ಆಮೇಲೆ ನಾನು ಜೋಡಿಸಿಕೊಂಡ ನೆಪಗಳು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಎರಡೇ. ಒಂದು, ಹಿಂದಿನ ಎರಡು ವರ್ಷ ಏನು ನೋಡಿದೆ ಎಂದು ಅವಳು ಕೇಳುತ್ತಾಳೆ. ಇನ್ನೊಂದು, ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಕತ್ತಲಲ್ಲಿ ಘಾಟಿ ಹತ್ತಬೇಕು, ದಾರಿಯಲ್ಲಿ ಆನೆ. ಚೀಲದಲ್ಲಿ ಪುಟ್ಟಿ ಇತ್ತು. ಮನೆಯ ಒಳಗೋಡೆಯ ಗುಂಡಿ ಮುಚ್ಚಲು ಬಳಸುವ ಬಿಳಿ ಪುಡಿ, ನೀರಿನಲ್ಲಿ ಕಲಸಿದರೆ ಹಿಟ್ಟಾಗುತ್ತದೆ, ಒಣಗಿದರೆ ಕಲ್ಲಿನ ಹಾಗೆ ಕಾಣುತ್ತದೆ, ಮತ್ತೆ ನೀರು ತಾಗಿದರೆ ಮತ್ತೆ ಹಿಟ್ಟು. ಗೋಡೆಯವನ ಬುದ್ಧಿ ಗೋಡೆಗೇ ಹೋಯಿತು. ತುಂಬಿದೆ, ಸವರಿದೆ, ಬಿಸಿಲಿಗೆ ಬೇಗ ಒಣಗಿತು. ಮೇಲೆ ಬಿಳಿ ಬಳಿದು, ಕಪ್ಪು ಬೊಟ್ಟಿಟ್ಟು, ಎಂದೂ ಇಲ್ಲದಷ್ಟು ಚೆಂದಾಗಿ ರೆಪ್ಪೆ ಎಳೆದೆ. ತಪ್ಪು ಮಾಡುವಾಗ ಕೈ ಎಷ್ಟು ಶ್ರದ್ಧೆಯಿಂದ ಕೆಲಸ ಮಾಡುತ್ತದೆ ಎಂದು ನನಗೆ ಅವತ್ತು ತಿಳಿಯಿತು.

ಅಕ್ಕ ಬಂದು ನೋಡಿದಳು. "ಈ ಸಲ ಅಮ್ಮನ ಕಣ್ಣು ಜೀವ ಬಂದಂಗದೆ ಕಣ್ಲಾ ಮಾದೇವ" ಎಂದಳು. ಹುರಿದ ಮೀನನ್ನು ಎಲೆಯಲ್ಲಿ ಕಟ್ಟಿಕೊಟ್ಟಳು. ನಾನು ನಾಲ್ಕು ಗಂಟೆಯ ಬಸ್ಸು ಹಿಡಿದೆ.

ಹೆದರಿಕೆ ಬಸ್ಸಿನಲ್ಲೇ ನನ್ನ ಪಕ್ಕ ಬಂದು ಕೂತಿತು. ಊರಿಗೆ ಬಂದ ಮೇಲೂ ಎದ್ದು ಹೋಗಲಿಲ್ಲ. ದೋಣಿ ಖಾಲಿ ಇದ್ದಾಗ ಆ ಕಣ್ಣು ನೀರಿನಿಂದ ಒಂದು ಮೊಳ ಮೇಲಿರುತ್ತದೆ. ಆರೇಳು ಹೆಂಗಸರು ಹತ್ತಿದರೆ ನೀರು ರೆಪ್ಪೆಯ ಹತ್ತಿರಕ್ಕೆ ಬರುತ್ತದೆ. ಗಾಳಿ ಬೀಸಿ ಅಲೆ ಎದ್ದರೆ ಕಣ್ಣೇ ಮುಳುಗುತ್ತದೆ. ಆ ಹೆಂಗಸರಲ್ಲಿ ಈಜು ಬರುವವರು ಯಾರೂ ಇಲ್ಲ. ಅಕ್ಕನಿಗೂ ಬರುವುದಿಲ್ಲ. ದೋಣಿ ಇರುವಾಗ ಈಜು ಯಾಕೆ ಎನ್ನುವವಳು ಅವಳು.

ಮಲೆಯ ಮೇಲೆ ಮಳೆ ಶುರುವಾಯಿತು. ನಮ್ಮಲ್ಲಿ ಬಿದ್ದ ಮಳೆ ಹಳ್ಳ ಹಿಡಿದು ಕೆಳಗಿಳಿಯುತ್ತದೆ. ಎಲ್ಲರೂ ಮೋಡ ನೋಡಿ ರಾಗಿಯ ಮಾತಾಡುವಾಗ ನಾನೊಬ್ಬನೇ ಮೋಡ ನೋಡಿ ಬೆವರುತ್ತಿದ್ದೆ. ದಿನಾ ಅಕ್ಕನಿಗೆ ಫೋನು ಮಾಡತೊಡಗಿದೆ. ಹಬ್ಬಕ್ಕೂ ಮಾಡದವನು ದಿನಾ ಮಾಡಿ, ದೋಣಿ ಹೇಗಿದೆ, ಗಾಳಿ ಇದೆಯಾ, ಒಂದು ವಾರ ರಜ ಹಾಕಬಾರದಾ ಎಂದು ಕೇಳಿದರೆ ಯಾರು ಸುಮ್ಮನಿರುತ್ತಾರೆ. ಅಕ್ಕ ಮೊದಲು ನನಗೂ ಹೆಂಡತಿಗೂ ಜಗಳ ಎಂದುಕೊಂಡಳು. ಆಮೇಲೆ ನನಗೆ ಯಾವುದೋ ದೊಡ್ಡ ಕಾಯಿಲೆ, ಹೇಳದೆ ಮುಚ್ಚಿಡುತ್ತಿದ್ದಾನೆ ಎಂದು ತೀರ್ಮಾನ ಮಾಡಿದಳು. ಮುಚ್ಚಿಟ್ಟದ್ದು ನಿಜ, ಕಾಯಿಲೆ ಮಾತ್ರ ಅವಳ ದೋಣಿಗೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಣಮೀನಿನ ಪೊಟ್ಟಣ ಕಳಿಸಿದಳು, ನನ್ನ ಮೈಯಲ್ಲಿ ರಕ್ತ ತುಂಬಲಿ ಎಂದು. ಸಾರಿನ ವಾಸನೆಗೆ ಮನೆಯವರೆಲ್ಲ ಸುತ್ತ ಕೂತರು. ನಾನು ನನ್ನ ಪಾಲನ್ನು ಹೆಂಡತಿಯ ತಟ್ಟೆಗೆ ಹಾಕಿ ಎದ್ದೆ.

ಒಂದು ದಿನ ಅವಳೇ ಫೋನು ಮಾಡಿದಳು. ದನಿ ಸಣ್ಣಗಿತ್ತು. ಅಮ್ಮನ ಎಡಗಣ್ಣಿನಲ್ಲಿ ನೀರು ಬರುತ್ತಿದೆ, ಬೆಳ್ಳಗೆ, ಹಾಲಿನಂಥದ್ದು, ಮೂರು ದಿನದಿಂದ ಎಂದಳು. ಇಷ್ಟು ಹೇಳಿ ಇಟ್ಟಳು. ನಾನು ಹಾಕಿಕೊಂಡಿದ್ದ ಬಟ್ಟೆಯಲ್ಲೇ ಬಸ್ಸು ಹತ್ತಿದೆ.

ಹೆದರಿದವನಿಗೆ ದಾರಿ ಎಷ್ಟು ಉದ್ದ ಎನ್ನುವುದನ್ನು ಅಳೆಯಲು ನಮ್ಮ ಘಾಟಿಯೇ ಸರಿ. ಕೆಳಗಿನ ಯಾವುದೋ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡಿತ್ತು. ದಿಂಬಂನಲ್ಲಿ ಬಸ್ಸು ನಿಂತಿತು. ಮಂಜು. ಫೋನಿಗೆ ಸಿಗ್ನಲ್ ಇಲ್ಲ. ಟೀ ಅಂಗಡಿಯವನು ಯಾರಿಗೋ, ಕೆಳಗೆ ನಿನ್ನೆಯಿಂದ ಗಾಳಿ ಜೋರು ಎನ್ನುತ್ತಿದ್ದ. ನಾನು ಟೀ ಲೋಟ ಹಿಡಿದುಕೊಂಡು ಅವನ ಅಂಗಡಿಯ ಕಂಬವನ್ನು ಹೆಬ್ಬೆರಳಿನಿಂದ ಒತ್ತುತ್ತಾ ನಿಂತಿದ್ದೆ. ಗಟ್ಟಿ ಮರ. ಆ ಕಂಬದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಎರಡು ಗಂಟೆಯ ಮೇಲೆ ಬಸ್ಸು ಹೊರಟಿತು. ಅವತ್ತು ಮೊದಲ ಸಲ ಇಪ್ಪತ್ತೇಳು ತಿರುವನ್ನೂ ಕಣ್ಣು ಬಿಟ್ಟುಕೊಂಡು ಇಳಿದೆ. ಕಣ್ಣು ಮುಚ್ಚಿದರೆ ದೋಣಿ ಕಾಣುತ್ತಿತ್ತು, ಅದಕ್ಕೆ.

ದಡ ಮುಟ್ಟಿದಾಗ ದೋಣಿ ನಡುನೀರಿನಲ್ಲಿತ್ತು. ಆರು ಜನ ಹೆಂಗಸರು, ಹಿಂದೆ ಅಕ್ಕ ನಿಂತು ಹುಟ್ಟು ಹಾಕುತ್ತಿದ್ದಳು. ಅಲೆ ಇತ್ತು. ಕೂಗಲೂ ಹೆದರಿಕೆ, ಕೂಗಿದರೆ ಎಲ್ಲರೂ ಒಂದೇ ಕಡೆ ತಿರುಗುತ್ತಾರೆ. ದೋಣಿ ಹತ್ತಿರ ಬರುವ ತನಕ ತಲೆಗಳನ್ನು ಮತ್ತೆ ಮತ್ತೆ ಎಣಿಸಿದೆ. ಹತ್ತಿರ ಬಂದಾಗ ಕಂಡಿತು. ಎಡಗಣ್ಣಿನ ಕೆಳಗೆ ಬಣ್ಣ ಸೀಳಿ, ಅಲ್ಲಿಂದ ಬಿಳಿಯ ಗೆರೆಯೊಂದು ಕೆನ್ನೆಯ ಮೇಲೆ ಇಳಿದ ಹಾಗೆ ಹಲಗೆಯ ಮೇಲೆ ಇಳಿದಿತ್ತು. ಮೂತಿಗೆ ಅರಿಶಿನ ಹಚ್ಚಿ ಹೂವು ಕಟ್ಟಿದ್ದರು. ಇಳಿದ ಹೆಂಗಸರು ಒಬ್ಬೊಬ್ಬರಾಗಿ ಆ ಬಿಳಿಯನ್ನು ಬೆರಳಲ್ಲಿ ತೆಗೆದು, ವಿಭೂತಿಯ ಹಾಗೆ ಹಣೆಗೆ ಹಚ್ಚಿಕೊಂಡರು. "ಆತ್ತಾ ಅಳುವುರಾ" ಎಂದು ಒಬ್ಬಳು ತಮಿಳಿನಲ್ಲಿ ಪಿಸುಗುಟ್ಟಿದಳು, ಅಮ್ಮ ಅಳುತ್ತಿದ್ದಾಳೆ ಎಂದು. ಅವರಲ್ಲಿ ಹಿರಿಯಳಾದ ಕೆಂಪಮ್ಮನ ಹಣೆಯ ತುಂಬ ನನ್ನ ಪುಟ್ಟಿ.

ಅಕ್ಕ ನನ್ನನ್ನು ನೋಡಿ ಹತ್ತಿರ ಬಂದು ಕುತ್ತಿಗೆ ಮುಟ್ಟಿದಳು, ಜ್ವರ ಇದೆಯೋ ಎಂದು. "ನಿನಗೇನೋ ಆಗದೆ ಕಣ್ಲಾ, ಅದ್ಕೇ ಅವ್ಳು ಅಳ್ತಾವ್ಳೆ. ನಿಂಗೆ ವಾಸಿ ಆಗ್ಲಿ ಅಂತ ಮುಡಿ ಕೊಡ್ತೀನಿ ಅಂದ್ಕಂಡಿವ್ನಿ" ಎಂದಳು.

ನಿಜ ಹೇಳುತ್ತೇನೆ, ಆಗಲೂ ನನ್ನ ತಲೆ ಲೆಕ್ಕ ಹಾಕಿತು. ಹೂಂ ಎಂದುಬಿಡಬಹುದು. ನಾಳೆ ಒಂದು ಡಬ್ಬಿ ಬಣ್ಣ ತಂದು ಸೀಳು ಮುಚ್ಚಬಹುದು. ಅಮ್ಮನ ಅಳು ನಿಂತಿತು ಎಂದು ಇನ್ನೊಂದು ಪೂಜೆ ಆಗುತ್ತದೆ. ನನ್ನ ಮೋಸಕ್ಕೆ ಮಂಗಳಾರತಿ. ಅಕ್ಕ ಅಷ್ಟರಲ್ಲಿ ಹಗ್ಗ ಬಿಚ್ಚತೊಡಗಿದ್ದಳು. ಆಚೆ ದಡದಲ್ಲಿ ಇನ್ನೂ ಏಳು ಜನ ಕಾಯುತ್ತಿದ್ದರು. ನಾನು ಹಗ್ಗವನ್ನು ಹಿಡಿದುಕೊಂಡೆ.

"ಅಕ್ಕ, ಓಗ್ಬ್ಯಾಡ" ಎಂದೆ. "ಅದು ಅಮ್ಮನ ಕಣ್ಣೀರಲ್ಲ. ನಾ ತುಂಬಿದ್ ಪುಟ್ಟಿ. ಒಳಗೆ ಮರ ಕೊಳ್ತೋಗದೆ. ನಂಗೆ ಮೊದ್ಲೇ ಗೊತ್ತಿತ್ತು."

ಎಷ್ಟು ವರ್ಷದಿಂದ ಎಂದು ಕೇಳಿದಳು. ಮೂರು ಎಂದೆ.

ಅವಳು ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವಳು ದೋಣಿಯೊಳಗಿನ ನೀರು ಎತ್ತುವ ಚೊಂಬನ್ನು ನೋಡುತ್ತಾ ನಿಂತಳು. "ಅದ್ಕೇ ಈ ಸಲ ಮೊಗೆದಷ್ಟೂ ನೀರು" ಎಂದಳು. ಆಮೇಲೆ, "ಇಷ್ಟು ಜನಾನ ನಾ ಅದ್ರಲ್ಲಿ ಕೂರಿಸ್ಕಂಡು ಓಡಾಡಿವ್ನಲ್ಲಾ, ನಿನ್ ಬಾಯಲ್ಲಿ ಒಂದು ಮಾತು ಬರ್ನಿಲ್ವಾ" ಎಂದಳು. ಜೋರಾಗಿ ಹೇಳಲಿಲ್ಲ.

ಪಕ್ಕದವರ ಫೈಬರ್ ದೋಣಿ ಹೋಗಿ ಉಳಿದವರನ್ನು ಕರೆತಂದಿತು. ಹೆಂಗಸರು ಸೆರಗಿನಲ್ಲಿ ಹಣೆ ಒರೆಸಿಕೊಂಡರು. ಒಬ್ಬಿಬ್ಬರು ನನ್ನನ್ನು ನೋಡಿದ ನೋಟವನ್ನು ಬರೆಯಲು ನನ್ನ ಐದನೇ ಕ್ಲಾಸು ಸಾಲದು. ಕೆಂಪಮ್ಮ ಮಾತ್ರ ಒರೆಸಿಕೊಳ್ಳಲಿಲ್ಲ. "ಇರ್ಲಿ ಬುಡವ್ವ. ಇಂಥ ದೋಣೀಲಿ ಇಷ್ಟು ದಿನ ಮುಳುಗ್ದಂಗೆ ಕಾದೋಳು ಅವ್ಳೇ ತಾನೆ" ಎಂದು ಹೋದಳು.

ಮಾರನೇ ಬೆಳಿಗ್ಗೆ ದೋಣಿಯನ್ನು ದಡಕ್ಕೆಳೆದು ಒಂದು ಮಗ್ಗುಲಿಗೆ ವಾಲಿಸಿ ನಿಲ್ಲಿಸಿದೆವು. ಅಕ್ಕ ಕೆರೆಯುವ ತಗಡನ್ನು ತಂದು ನನ್ನ ಕೈಗೆ ಕೊಟ್ಟಳು. ಬಾವ ಕಪ್ಪು ಕನ್ನಡಕ ಸರಿಮಾಡಿಕೊಂಡು, ಅಮ್ಮನ ಕಣ್ಣಿಗೆ ಕಬ್ಬಿಣ ಬೇಡ, ಬೇರೆ ಏನಾದರೂ ದಾರಿ ನೋಡಿ ಎಂದ.

"ನಿಮ್ ಕಣ್ಣಿಗೂ ಡಾಕ್ಟ್ರು ಕಬ್ಬಿಣ ಮುಟ್ಟಿಸ್ನೇ ಇದ್ದಿದ್ರೆ ಇವತ್ತು ನಾ ಕಾಣ್ತಿದ್ನಾ?" ಎಂದಳು ಅಕ್ಕ. "ಅವ್ಳಿಗೂ ಪೊರೆ ಬಂದದೆ. ನೀ ಕೆರಿ ಮಾದೇವ."

ಬಾವನೇ ಕೈ ಮುಗಿದು, ಅವನೇ ಕರ್ಪೂರ ಹಚ್ಚಿದ. ನಾನು ತಗಡು ಇಟ್ಟೆ. ದಪ್ಪ ಬಣ್ಣ ಒಂದೇ ಹೋಳಾಗಿ ಎದ್ದು ಬಂತು, ಗುಲಾಬಿ, ಹಸಿರು, ನೀಲಿ ಯಾವುದೂ ಅಲ್ಲ, ಬರೀ ಬಿಳಿ ಕಪ್ಪು ಬಿಳಿ ಕಪ್ಪು, ವರ್ಷಕ್ಕೊಂದು ಸುಳ್ಳಿನ ಹಾಗೆ. ಅದರಡಿಯಲ್ಲಿ ಮರವಿರಲಿಲ್ಲ. ಒದ್ದೆಯಾದ ಕಾಫಿ ಗಸಿಯಂಥ ಪುಡಿ ಇತ್ತು. ತಗಡು ಆಚೆಗೆ ಹೋಯಿತು. ಬೆಳಕು ಬಂತು. ಆ ತೂತಿನ ಇನ್ನೊಂದು ಬದಿಯಲ್ಲಿ, ದೋಣಿಯ ಒಳಗಿನಿಂದ ಬಗ್ಗಿ ನೋಡುತ್ತಿದ್ದ ಅಕ್ಕನ ಕಣ್ಣು ಕಂಡಿತು. ಅದು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿತ್ತು.

ಹತ್ತು ದಿನ ಅಲ್ಲಿಯೇ ಉಳಿದೆ. ಬಡಗಿ ಬಂದ, ಹೊಸ ಹಲಗೆ ಕೂರಿಸಿದ. ಬಲಗಣ್ಣನ್ನೂ ಕೆರೆದೆ, ಅಲ್ಲಿ ಮರ ಗಟ್ಟಿಯಿತ್ತು. ತೊಳೆದು, ಒಣಗಿಸಿ, ಉಜ್ಜಿ, ಗೇಣು ಗೇಣಿಗೂ ತಟ್ಟಿ ಕೇಳಿ, ಯಾವುದನ್ನೂ ಬಿಡದೆ ಮಾಡಿದೆ. ತಟ್ಟುವಾಗ ಅಕ್ಕ ಒಳಗೆ ಕೂತು ಕಿವಿಗೊಡುತ್ತಿದ್ದಳು. ಟಣ್ ಎಂದಾಗಲೂ ಎರಡನೇ ಸಲ ತಟ್ಟು ಎನ್ನುತ್ತಿದ್ದಳು. ಮುಡಿ ಕೊಡುವ ಹರಕೆ ಏನಾಯಿತು ಎಂದು ಬಾವ ಕೇಳಿದ್ದಕ್ಕೆ, ಆ ಹರಕೆ ತೀರಿಸಬೇಕಾದವನು ಬೇರೆ ಇದ್ದಾನೆ ಎಂದಳು. ಹಾಗಾಗಿ ಘಾಟಿಯ ಬುಡದ ಗುಡಿಯಲ್ಲಿ ತಲೆ ಬೋಳಿಸಿಕೊಂಡು ಊರಿಗೆ ಬಂದವನು ನಾನು. ಯಾರು ತೀರಿಕೊಂಡರು ಎಂದು ಜನ ಒಂದು ವಾರ ವಿಚಾರಿಸಿದರು.

ಊರಿಗೆ ಬಂದ ಮೇಲೆ ದೊಡ್ಡಗಾಜನೂರಿಗೂ ಹೋಗಿ, ನಿಮ್ಮ ಬಾಗಿಲ ಚೌಕಟ್ಟು ಒಳಗೆ ಟೊಳ್ಳಾಗಿದೆ ಎಂದು ಹೆಣ್ಣಿನ ಅಪ್ಪನಿಗೆ ಹೇಳಿದೆ. ಅವನು ನನ್ನ ಬೋಳು ತಲೆಯನ್ನೂ ಬಾಗಿಲನ್ನೂ ನೋಡಿದ. "ಅದು ಓದ್ ವರ್ಷಾನೇ ಬಿತ್ತು ಕಣಪ್ಪ. ಇದು ಒಸ್ದು" ಎಂದ. ಹೇಳುವುದನ್ನು ಕಲಿತವನು ಸಮಯಕ್ಕೆ ಹೇಳುವುದನ್ನು ಇನ್ನೂ ಕಲಿಯಬೇಕಿದೆ.

ಹೆದರಿಕೆ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಮಲೆಯ ಮೇಲೆ ಮೋಡ ಕಟ್ಟಿದರೆ ಈಗಲೂ ಕೈ ಒಮ್ಮೆ ಫೋನಿನ ಕಡೆ ಹೋಗುತ್ತದೆ. ಆಗೆಲ್ಲ ಆ ಹತ್ತನೇ ದಿನವನ್ನು ನೆನೆಯುತ್ತೇನೆ. ಕೊನೆಗೆ ಎರಡೂ ಕಣ್ಣು ಬರೆದು, ಬ್ರಷ್ಷು ತೊಳೆದು, ಆಯಿತು ಎಂದೆ. ಹಿಂದೆಲ್ಲ ಚೆಂದಾಗಿದೆ ಎಂದು ಹೇಳಿ ಮೀನು ಕಟ್ಟಿಕೊಡುತ್ತಿದ್ದ ಅಕ್ಕ ಅವತ್ತು ಹತ್ತಿರ ಬಂದು, ಎಡಗಣ್ಣಿನ ಪಕ್ಕದ ಹಲಗೆಯನ್ನು ಹೆಬ್ಬೆರಳಿನಿಂದ ಮೈಭಾರ ಬಿಟ್ಟು ಒತ್ತಿದಳು. ಹಲಗೆ ಅಲ್ಲಾಡಲಿಲ್ಲ. ಬಣ್ಣ ಹಸಿಯಿತ್ತು, ಗೆರೆ ಗೆರೆಯಾಗಿ ಅವಳ ಬೆರಳಿನ ಗುರುತು ಉಳಿಯಿತು. ಸವರಿ ಸರಿಮಾಡಲು ನಾನು ಬ್ರಷ್ಷು ಎತ್ತಿದವನು ಕೈ ಇಳಿಸಿದೆ. ನನ್ನನ್ನು ಎತ್ತಿಕೊಳ್ಳಲು ಶಾಲೆ ಬಿಟ್ಟವಳಿಗೆ ಓದು ಬರಹ ಬಾರದು. ಅವಳ ಸಹಿ ಅದೇ.